‘ಹಾಲಿ’ಗೂ ‘ಅಹವಾಲಿ’ಗೂ ಒಂದೇ ಬೇರು

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಂಡಿತನಂತೂ ಅಲ್ಲವೇ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಬಂದು ಕೂತವನು, ಇವತ್ತಿಗೂ ಅಲ್ಲೇ ಇದ್ದೇನೆ. ಮದುವೆ ಕಾರ್ಡು, ಬಿಲ್ ಪುಸ್ತಕ, ಊರಹಬ್ಬದ ಆಹ್ವಾನ ಪತ್ರಿಕೆ, ಚುನಾವಣೆ ಬಂದರೆ ಕರಪತ್ರ. ಇದೇ ನನ್ನ ವಿಶ್ವವಿದ್ಯಾಲಯ. ಅಕ್ಷರವನ್ನೇ ಮಾರಿ ಅನ್ನ ತಿನ್ನುವವನಿಗೆ ಅಕ್ಷರದ ಮೇಲೆ ಸ್ವಲ್ಪ ಋಣವಿರುತ್ತದೆ. ಆ ಋಣಕ್ಕಾಗಿ ಇವತ್ತು ಒಂದೇ ಒಂದು ಪದದ ಬಗ್ಗೆ ನಿಮ್ಮ ಹತ್ತಿರ ಮಾತಾಡುತ್ತೇನೆ. ಆ ಪದ ‘ಹಾಲಿ’.

ಹಾಲಿ ಶಾಸಕರು. ಹಾಲಿ ಸಂಸದರು. ಹಾಲಿ ಅಧ್ಯಕ್ಷರು, ಹಾಲಿ ಉಪಾಧ್ಯಕ್ಷರು, ಹಾಲಿ ಸದಸ್ಯರು. ಒಂದು ಊರಹಬ್ಬದ ಆಹ್ವಾನ ಪತ್ರಿಕೆ ತೆಗೆದು ನೋಡಿ, ದೇವರ ಹೆಸರು ಒಂದು ಸಲ ಇದ್ದರೆ ಹಾಲಿ ಅನ್ನುವ ಮಾತು ಆರು ಸಲ ಇರುತ್ತದೆ! ಅದರ ಬೆನ್ನಿಗೇ ‘ಮಾಜಿ’ಗಳ ಸಾಲು. ಹಾಲಿ ಮೇಲೆ, ಮಾಜಿ ಕೆಳಗೆ. ಹಾಲಿಯ ಅಕ್ಷರ ದಪ್ಪ, ಮಾಜಿಯ ಅಕ್ಷರ ಸಣ್ಣ. ಇದು ಪ್ರೆಸ್ಸಿನವರಿಗೆ ಯಾರೂ ಹೇಳಿಕೊಡದೆ ಗೊತ್ತಿರುವ ಶಿಷ್ಟಾಚಾರ. ಪತ್ರಿಕೆಗಳಿಗೂ ಈ ಪದ ಬಲು ಇಷ್ಟ. ಎರಡೇ ಅಕ್ಷರ ನೋಡಿ, ಒಂದು ಕಾಲಮ್ಮಿನ ತಲೆಬರಹದಲ್ಲೂ ಸಲೀಸಾಗಿ ಕೂರುತ್ತದೆ. ಆಟದ ಪುಟಕ್ಕೂ ಬೇಕು. ಕರ್ನಾಟಕ 2013–14ರ ರಣಜಿ ಗೆದ್ದು ಮುಂದಿನ ವರ್ಷ ಕಣಕ್ಕೆ ಇಳಿದಾಗ ‘ಹಾಲಿ ಚಾಂಪಿಯನ್’ ಎಂದೇ ಬರೆದರು. ಆ ಹಾಲಿ ಮತ್ತೆ ಗೆದ್ದು ಹಾಲಿಯಾಗಿಯೇ ಉಳಿಯಿತು, ಅದು ಬೇರೆ ಮಾತು.

ಇಷ್ಟು ಬಳಸುತ್ತೇವಲ್ಲ, ಈ ಹಾಲಿ ಅಂದರೆ ಏನು? ಎಲ್ಲಿಂದ ಬಂತು? ನಮ್ಮ ಪ್ರೆಸ್ಸಿನ ಹುಡುಗನನ್ನು ಕೇಳಿದೆ. “ಹಾಲು ಕುಡೀತಾ ಇರೋರು ಹಾಲಿ, ಮಜ್ಜಿಗೆಗೆ ಇಳಿದೋರು ಮಾಜಿ ಅಣ್ಣ” ಅಂದ. ನಕ್ಕುಬಿಟ್ಟೆ. ರಾಜಕೀಯವಾಗಿ ಅವನು ಹೇಳಿದ್ದು ಸರಿಯೇ ಇರಬಹುದು, ಆದರೆ ಪದಕ್ಕೂ ಹಾಲಿಗೂ ಸಂಬಂಧವಿಲ್ಲ.

ಇನ್ನೊಬ್ಬ ತರುಣ, ನಿಮ್ಮ ಹಾಗೆಯೇ ಕನ್ನಡದ ಅಭಿಮಾನಿ, ಕರಪತ್ರ ಮಾಡಿಸಲು ಬಂದವನು ಕೆಂಪು ಪೆನ್ನಿನಿಂದ ಹಾಲಿ ಹೊಡೆದುಹಾಕಿದ. “ಇದು ಹಿಂದಿ ಸಾರ್, ತೆಗೀರಿ” ಅಂದ. ಸರಿಯಪ್ಪ, ಏನು ಹಾಕಲಿ ಅಂದೆ. ತಲೆ ಕೆರೆದುಕೊಂಡು “ಸಿಟ್ಟಿಂಗ್ ಎಮ್ಮೆಲ್ಲೆ ಅಂತ ಹಾಕಿ” ಅಂದ! ಹಿಂದಿಯನ್ನು ಹೊರಗೆ ಹಾಕಲು ಹೊರಟ ವೀರ ಇಂಗ್ಲಿಷನ್ನು ನಡುಮನೆಯಲ್ಲಿ ಕೂರಿಸಿದ. ಇಂಥ ಅಭಿಮಾನದಿಂದ ಕನ್ನಡಕ್ಕೆ ಏನು ಸಿಕ್ಕಂತಾಯಿತು ಹೇಳಿ?

ಮೂರು ಕಾಲದ ರಾಜಕಾರಣ

ಹಾಲಿಯ ಹುಟ್ಟೂರು ಅರೇಬಿಯಾ. ಅರಬ್ಬಿಯಲ್ಲಿ ‘ಹಾಲ್’ ಅಂದರೆ ಸ್ಥಿತಿ, ಈ ಹೊತ್ತು ಇರುವ ಪರಿಸ್ಥಿತಿ. ಅದು ಪಾರ್ಸಿಗೆ ಬಂತು, ಪಾರ್ಸಿಯಿಂದ ಇಲ್ಲಿಯ ಕಚೇರಿಗಳಿಗೆ ಬಂತು. ಹಾಲ್ ಪದಕ್ಕೆ ಕೊನೆಯಲ್ಲಿ ಒಂದು ‘ಈ’ ಸೇರಿಸಿದರೆ ‘ಈಗಿನ, ಸದ್ಯದ’ ಎಂಬ ಅರ್ಥ. ಸರ್ಕಾರ ಸರ್ಕಾರಿ ಆದ ಹಾಗೆ, ಹಂಗಾಮು ಹಂಗಾಮಿ ಆದ ಹಾಗೆ, ಹಾಲ್ ಹಾಲಿ ಆಯಿತು. ಪಾಣಿಪತ್ತಿನ ಒಬ್ಬ ದೊಡ್ಡ ಉರ್ದು ಕವಿ, ಅಲ್ತಾಫ್ ಹುಸೇನ್ (1837–1914), ತನ್ನ ಕಾವ್ಯನಾಮವನ್ನೇ ‘ಹಾಲಿ’ ಎಂದು ಇಟ್ಟುಕೊಂಡಿದ್ದರು. ಈ ಕಾಲದವನು ಎಂದರ್ಥ.

ಮಾಜಿಯೂ ಅದೇ ಊರಿನದು. ಅರಬ್ಬಿಯಲ್ಲಿ ಅದರ ಅರ್ಥ ‘ಕಳೆದುಹೋದದ್ದು’. ಅರಬ್ಬರ ಬಾಯಲ್ಲಿ ಅದರ ನಡುವಿನ ಅಕ್ಷರ ಒಂದು ವಿಶೇಷ ‘ದ’ಕಾರ. ಪಾರ್ಸಿ, ಉರ್ದು ಬಾಯಿಗೆ ಬಂದಾಗ ಅದು ಮೃದುವಾಯಿತು. ನಮ್ಮ ಬಾಯಿಗೆ ಬಂದಾಗ ‘ಜ’ ಆಯಿತು. ಆ ಒಂದೇ ಅಕ್ಷರ ಹೊತ್ತುಕೊಂಡು ಕನ್ನಡಕ್ಕೆ ಬಂದ ಪದಗಳು ಎಷ್ಟಿವೆ ನೋಡಿ: ಮಾಜಿ, ಅರ್ಜಿ, ರಾಜಿ, ಕಾಜಿ, ಹಾಜರಿ. ಇವುಗಳಲ್ಲಿ ಯಾವುದನ್ನು ಬಿಟ್ಟು ನೀವು ತಾಲ್ಲೂಕು ಕಚೇರಿಗೆ ಹೋಗಿ ಬರುತ್ತೀರಿ?

ನಮ್ಮಲ್ಲಿಗೆ ಮಕ್ಕಳ ಮದುವೆ ಕಾರ್ಡು ಮಾಡಿಸಲು ಬಂದಿದ್ದ ನಿವೃತ್ತ ಉರ್ದು ಮೇಷ್ಟ್ರೊಬ್ಬರು ಇನ್ನೊಂದು ವಿಷಯ ಹೇಳಿದರು. ಅವರ ಶಾಲೆಯ ವ್ಯಾಕರಣದಲ್ಲಿ ಕಾಲ ಮೂರು: ಮಾಜಿ, ಹಾಲ್, ಮುಸ್ತಕ್‌ಬಿಲ್. ನಾವು ಭೂತಕಾಲ, ವರ್ತಮಾನಕಾಲ, ಭವಿಷ್ಯತ್ಕಾಲ ಎಂದು ಬಾಯಿಪಾಠ ಮಾಡಿದೆವಲ್ಲ, ಅದೇ. “ನಿಮ್ಮ ಕನ್ನಡ ಪೇಪರಿನವರು ನಮ್ಮ ವ್ಯಾಕರಣದಿಂದ ಎರಡು ಕಾಲ ತಗೊಂಡಿದ್ದಾರೆ, ಮೂರನೇದು ಬಿಟ್ಟಿದ್ದಾರೆ” ಎಂದು ನಕ್ಕರು ಮೇಷ್ಟ್ರು.

ಬಿಟ್ಟಿಲ್ಲ ಮೇಷ್ಟ್ರೇ! ಆ ಮೂರನೆಯದಕ್ಕೆ ನಾವು ಸಂಸ್ಕೃತದ ‘ಭಾವಿ’ಯನ್ನು ತಂದುಕೊಂಡಿದ್ದೇವೆ. ಯಾವುದಾದರೂ ಸರ್ಕಲ್ಲಿನಲ್ಲಿ ನಿಂತು ಫ್ಲೆಕ್ಸ್ ನೋಡಿ, ‘ಭಾವಿ ಶಾಸಕರಿಗೆ ಹುಟ್ಟುಹಬ್ಬದ ಶುಭಾಶಯಗಳು’. ಮಾಜಿ, ಹಾಲಿ, ಭಾವಿ. ನಮ್ಮ ರಾಜಕಾರಣ ಪೂರ್ತಿ ಈ ಮೂರು ಕಾಲದಲ್ಲೇ ಓಡುತ್ತದೆ. ಇಷ್ಟರ ನಡುವೆ ಓಟು ಹಾಕುವವನ ಕಾಲ ಯಾವುದು ಅಂತ ಕೇಳುವವರಿಲ್ಲ.

ಹಿಂದಿಯಿಂದ ಬಂದದ್ದಲ್ಲ

ಹಾಲಿ, ಮಾಜಿಗಳು ಹಿಂದಿ ಹೇರಿಕೆಯ ಪದಗಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಿಂದಿ ಪತ್ರಿಕೆ ತೆಗೆದು ನೋಡಿ. ಹಿಂದಿನ ಮುಖ್ಯಮಂತ್ರಿಗೆ ಅವರು ಬರೆಯುವುದು ‘ಪೂರ್ವ’. ಈಗಿನವರಿಗೆ ‘ವರ್ತಮಾನ’ ಅಥವಾ ‘ಮೌಜೂದಾ’. ಉರ್ದು ಪತ್ರಿಕೆಗಳಲ್ಲೇ ಮಾಜಿ ಮಂತ್ರಿಗೆ ಮಾಜಿ ಅನ್ನುವುದಿಲ್ಲ, ‘ಸಾಬಿಕ್’ ಅನ್ನುತ್ತಾರೆ. ಮಾಜಿಯನ್ನು ಹುದ್ದೆಯ ಹಿಂದೆ ಹಚ್ಚುವವರು ನಾವು, ಮರಾಠಿಯವರು, ತೆಲುಗರು. ತಮಿಳರು ತಮ್ಮದೇ ಮಾತಿನಲ್ಲಿ ‘ಮುನ್ನಾಳ್’, ‘ಇನ್ನಾಳ್’ ಎಂದು ಹೇಳಿಕೊಳ್ಳುತ್ತಾರೆ, ಅದು ಅವರ ಸೊಗಸು. ಅರಬ್ಬಿಯ ವರ್ತಮಾನವನ್ನೂ ಭೂತವನ್ನೂ ಜೋಡಿ ಮಾಡಿ, ಎತ್ತಿನ ಗಾಡಿಗೆ ಕಟ್ಟಿದ ಹಾಗೆ ಕಟ್ಟಿ ದಿನಾ ಓಡಿಸುತ್ತಿರುವುದು ಕನ್ನಡ. ತಂದದ್ದು ಹೊರಗಿನಿಂದ, ಜೋಡಿ ಮಾಡಿದ್ದು ಇಲ್ಲಿ.

ತಂದವರು ಯಾರು? ದಿಲ್ಲಿಯಿಂದ ಸುತ್ತೋಲೆ ಬಂದು ತಂದದ್ದಲ್ಲ. ನಮ್ಮ ಕಲಬುರಗಿಯಲ್ಲಿ 1347ರಲ್ಲಿ ಬಹಮನಿ ರಾಜ್ಯ ಎದ್ದಿತು. ಆಮೇಲೆ ಬೀದರ್ ಅದರ ರಾಜಧಾನಿಯಾಯಿತು. ವಿಜಯಪುರದಲ್ಲಿ ಆದಿಲಶಾಹಿಗಳು 1686ರವರೆಗೆ ಆಳಿದರು. ಮೈಸೂರಿನಲ್ಲಿ 1761ರಿಂದ 1799ರವರೆಗೆ ಹೈದರ್, ಟಿಪ್ಪು. ಹೀಗೆ ಶತಮಾನಗಟ್ಟಲೆ ಪಾರ್ಸಿ ನಮ್ಮ ನೆಲದ ದರ್ಬಾರಿನ ಭಾಷೆಯಾಗಿತ್ತು. ಲೆಕ್ಕ ಬರೆಯುವವರ ಕೈಯಿಂದ ಅದು ಕನ್ನಡದ ಕಡತಕ್ಕೆ ಇಳಿಯಿತು. ತಾಲ್ಲೂಕು, ಜಿಲ್ಲೆ, ತಹಶೀಲ್ದಾರ, ಅಮಲ್ದಾರ, ಶಿರಸ್ತೇದಾರ, ದರಖಾಸ್ತು, ವಕೀಲ, ಸರ್ಕಾರ ಎಲ್ಲ ಆ ದಾರಿಯಲ್ಲಿ ಬಂದವು. ಇವತ್ತು ನಿಮ್ಮಜ್ಜಿಯನ್ನು ಕೇಳಿ, ಇವೆಲ್ಲ ಅಚ್ಚಕನ್ನಡ ಅನ್ನುತ್ತಾಳೆ. ಅಜ್ಜಿ ಹೇಳಿದ ಮೇಲೆ ಮುಗಿಯಿತು!

ಕಲ್ಯಾಣ ಕರ್ನಾಟಕದ ಗೆಳೆಯರಿಗೆ ಹಾಲಿ ಇನ್ನೊಂದು ಕಾರಣಕ್ಕೂ ಗೊತ್ತು. ಬೀದರ್, ಕಲಬುರಗಿ, ರಾಯಚೂರು 1948ರವರೆಗೆ ನಿಜಾಮನ ಕೈಯಲ್ಲಿದ್ದವು. ಅಲ್ಲಿ ನಡೆಯುತ್ತಿದ್ದ ನಾಣ್ಯದ ಹೆಸರು ‘ಹಾಲಿ ಸಿಕ್ಕಾ’, ಅಂದರೆ ಸದ್ಯ ಚಲಾವಣೆಯಲ್ಲಿರುವ ದುಡ್ಡು. ಬ್ರಿಟಿಷರ ರೂಪಾಯಿಗೆ ‘ಕಲ್ದಾರ್’ ಅನ್ನುತ್ತಿದ್ದರು. 1950ರಲ್ಲಿ ಭಾರತದ ರೂಪಾಯಿ ಅಲ್ಲಿಗೆ ಬಂದಾಗ 7 ಹಾಲಿಗೆ 6 ರೂಪಾಯಿ ಲೆಕ್ಕ. 1959ರಲ್ಲಿ ಹಾಲಿ ಸಿಕ್ಕಾ ಪೂರ್ತಿ ಬಂದ್ ಆಯಿತು. ಹೆಸರಿನಲ್ಲೇ ‘ಸದ್ಯದ್ದು’ ಎಂದು ಬರೆದುಕೊಂಡಿದ್ದ ದುಡ್ಡೂ ಒಂದು ದಿನ ಮಾಜಿಯಾಯಿತು. ಕುರ್ಚಿಯಲ್ಲಿ ಕೂತವರು ಈ ಕತೆಯನ್ನು ಗೋಡೆಗೆ ಬರೆದು ಹಾಕಿಕೊಳ್ಳಬೇಕು.

ಒಂದೇ ಬೇರಿನ ಅಣ್ಣತಮ್ಮಂದಿರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಗಮನ ಕೊಡಿ.

ಅರಬ್ಬಿಯಲ್ಲಿ ಹಾಲ್ ಪದದ ಬಹುವಚನ ‘ಅಹ್ವಾಲ್’. ಅಂದರೆ ಸ್ಥಿತಿಗಳು, ಸ್ಥಿತಿಗತಿ. ಅದು ಕನ್ನಡಕ್ಕೆ ಬಂದು ಏನಾಯಿತು? ಅಹವಾಲು! ‘ಸಚಿವರಿಂದ ಸಾರ್ವಜನಿಕರ ಅಹವಾಲು ಸ್ವೀಕಾರ’ ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದೇ ಅಹವಾಲು. ಧಾರವಾಡ, ಬೆಳಗಾವಿ ಕಡೆ ಹಿರಿಯರು “ಏನಪಾ, ಹಾಲಹವಾಲ ಏನು?” ಎಂದು ಕೇಳುತ್ತಾರಲ್ಲ, ಅದೂ ಅದೇ. ನೀನು ಹೇಗಿದ್ದೀಯ, ನಿನ್ನ ಸ್ಥಿತಿ ಏನು ಎಂಬ ಪ್ರೀತಿಯ ವಿಚಾರಣೆ.

ಹಾಗಾದರೆ ಏನಾಯಿತು? ಕುರ್ಚಿಯಲ್ಲಿ ಕೂತವನು ಹಾಲಿ. ಕುರ್ಚಿಯ ಮುಂದೆ ನಿಂತವನ ಕೈಯಲ್ಲಿರುವುದು ಅಹವಾಲು. ಎರಡೂ ಒಂದೇ ಬೇರಿನ ಅಣ್ಣತಮ್ಮಂದಿರು! ಹೋಬಳಿಯ ಹಳ್ಳಿಯಿಂದ ಬಸ್ಸು ಹತ್ತಿ ಬಂದು, ಪಿಂಚಣಿ ನಿಂತುಹೋಯಿತು ಸ್ವಾಮಿ ಎಂದು ಕಾಗದ ಹಿಡಿದು ನಿಂತ ಮುದುಕಿಗೂ, ಎ.ಸಿ. ಕೋಣೆಯ ಒಳಗಿರುವವರಿಗೂ ಪದದ ಸಂಬಂಧವಿದೆ. ಜನರ ಹಾಲ್ ಕೇಳಬೇಕಾದವನು ಹಾಲಿ. ಅಹವಾಲು ಕೇಳದ ಹಾಲಿ ಅಂದರೆ ಬೇರು ಕಡಿದುಕೊಂಡ ಮರ.

ಆ ಬೇರಿನ ಒಳಗೆ ಇನ್ನೂ ಒಂದು ಗುಟ್ಟಿದೆ. ಅರಬ್ಬಿ ಪದಗಳು ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಹಾಲ್ ಹುಟ್ಟಿದ ಬೇರಿಗೆ ಇರುವ ಅರ್ಥ ‘ಬದಲಾಗು, ಒಂದರಿಂದ ಇನ್ನೊಂದಕ್ಕೆ ತಿರುಗು’. ಸ್ಥಿತಿ ಅಂದರೆ ಬದಲಾಗುವಂಥದ್ದು ಎಂದು ಆ ಜನ ತಿಳಿದಿದ್ದರು. ಅದೇ ಬೇರಿನಿಂದ ಬಂದದ್ದು ಹವಾಲೆ, ಅಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುವುದು. ಹವಾಲೆ ಹೊತ್ತವನು ಹವಾಲ್ದಾರ. ದೇಶ ಅಲ್ಲಾಡಿಸಿದ 1990ರ ದಶಕದ ಹವಾಲಾ ಹಗರಣ ನೆನಪಿದೆಯಲ್ಲ? ಆ ಹವಾಲಾ ಕೂಡ ಇದೇ ಬೇರು, ಕೈಯಿಂದ ಕೈಗೆ ದಾಟುವ ದುಡ್ಡು.

ಅಂದಮೇಲೆ ಹಾಲಿ ಅನ್ನುವ ಪದದ ಹೊಟ್ಟೆಯಲ್ಲೇ ‘ಬದಲಾವಣೆ’ ಕೂತಿದೆ. ಹಾಲಿ ಶಾಸಕ ಎಂದು ದಪ್ಪಕ್ಷರದಲ್ಲಿ ಹಾಕಿಸಿಕೊಳ್ಳುವವರು ತಾವು ಹೋಗುವವರು ಎಂದೇ ಸಾರಿಕೊಳ್ಳುತ್ತಿದ್ದಾರೆ. ಪಾಪ, ಅವರಿಗೆ ಗೊತ್ತಿಲ್ಲ.

ಇದು ಅರಬ್ಬಿ ಪಂಡಿತರ ಮಾತಾಯಿತು ಎನ್ನುವಿರಾದರೆ ನಿಮ್ಮ ಜೇಬಿನಲ್ಲಿರುವ ಅರ್ಜಿಯನ್ನೇ ನೋಡಿ. ಕೆಲಸಕ್ಕೆ ಅರ್ಜಿ ಹಾಕುವಾಗ ಎರಡು ವಿಳಾಸ ಕೇಳುತ್ತಾರೆ. ಹಾಲಿ ವಿಳಾಸ, ಕಾಯಂ ವಿಳಾಸ. ಕಾಯಂ ಕೂಡ ಅರಬ್ಬಿಯದೇ, ಅಲ್ಲಿ ಅದರ ಅರ್ಥ ‘ನಿಂತಿರುವುದು’. ಕಾಯಂ ವಿಳಾಸದಲ್ಲಿ ಊರಿನ ಮನೆ ಬರೆಯುತ್ತೀರಿ. ಹಾಲಿ ವಿಳಾಸದಲ್ಲಿ ಬೆಂಗಳೂರಿನ ಎರಡನೇ ಮಹಡಿಯ ಬಾಡಿಗೆ ರೂಮು. ಓನರ್ ಬಿಡು ಅಂದರೆ ಬಿಡಬೇಕು. ಶಾಸಕರ ಹಾಲಿಯೂ ಅದೇ ಹಾಲಿ! ಕುರ್ಚಿ ಬಾಡಿಗೆ ಮನೆ, ಐದು ವರ್ಷದ ಕರಾರು, ಓನರ್ ನೀವು. ಬಾಡಿಗೆದಾರ ಮನೆಯನ್ನೇ ತನ್ನ ಹೆಸರಿಗೆ ಮಾಡಿಸಿಕೊಂಡವನ ಹಾಗೆ ಓಡಾಡಿದರೆ, ಹಾಲಿಗೂ ಕಾಯಂಗೂ ಇರುವ ವ್ಯತ್ಯಾಸವನ್ನು ನೆನಪಿಸಬೇಕಾದವರು ಯಾರು? ನೀವೇ ತಾನೇ?

ಇಂಗ್ಲಿಷ್ ಮಲಗಿದೆ, ಕನ್ನಡ ಗೇಯುತ್ತದೆ

ಇಂಗ್ಲಿಷಿನವರ ಪದವನ್ನೂ ನೋಡಿಬಿಡೋಣ. ಚುನಾವಣೆ ಬಂದಾಗ ಟೀವಿಯವರು ‘ಆಂಟಿ ಇನ್‌ಕಂಬೆನ್ಸಿ’ ಎಂದು ಹೊಡೆದುಕೊಳ್ಳುತ್ತಾರಲ್ಲ, ಆ ‘ಇನ್‌ಕಂಬೆಂಟ್’ ನಮ್ಮ ಹಾಲಿಯ ಜಾಗದಲ್ಲಿ ಇರುವ ಪದ. ಅದರ ಮೂಲ ಲ್ಯಾಟಿನ್. ಅಲ್ಲಿ ಅದರ ಅರ್ಥ ‘ಮೇಲೆ ಮಲಗು, ಮೇಲೆ ಒರಗು, ಭಾರ ಹಾಕು’. ಮೊದಲು ಇಂಗ್ಲೆಂಡಿನಲ್ಲಿ ಚರ್ಚಿನ ಹುದ್ದೆ ಹಿಡಿದ ಪಾದ್ರಿಗೆ ಈ ಮಾತು ಹೇಳುತ್ತಿದ್ದರು. ಆಮೇಲೆ ಎಲ್ಲ ಹುದ್ದೆಗೂ ಬಂತು. ಆಸ್ಪತ್ರೆಯಲ್ಲಿ ಹಸುಗೂಸನ್ನು ಇಡುವ ‘ಇನ್‌ಕ್ಯುಬೇಟರ್’ ಈ ಪದದ ಹತ್ತಿರದ ನೆಂಟ. ಕೋಳಿ ಮೊಟ್ಟೆಯ ಮೇಲೆ ಕಾವಿಗೆ ಕೂತ ಹಾಗೆ ಎಂಬುದು ಅದರ ಚಿತ್ರ. ಕೋಳಿಯಾದರೂ ಇಪ್ಪತ್ತೊಂದು ದಿನ ಕೂತು ಮರಿ ಮಾಡಿಸಿ ಏಳುತ್ತದೆ. ನಮ್ಮವರು ಐದು ವರ್ಷ ಕೂತರೂ ಕೆಲವು ಕಡತಗಳಿಂದ ಮರಿ ಹೊರಗೆ ಬರುವುದಿಲ್ಲ!

ನ್ಯಾಯವಾಗಿ ಹೇಳಬೇಕೆಂದರೆ ಇಂಗ್ಲಿಷಿನಲ್ಲೂ ಆ ಪದಕ್ಕೆ ಇನ್ನೊಂದು ಮುಖವಿದೆ. ‘ನಿನ್ನ ಮೇಲೆ ಬಿದ್ದಿರುವ ಕರ್ತವ್ಯ’ ಎನ್ನುವುದಕ್ಕೂ ಅದೇ ಪದ. ಹುದ್ದೆಯ ಮೇಲೆ ಇವನು ಒರಗಿದ್ದಾನೆ, ಇವನ ಮೇಲೆ ಕರ್ತವ್ಯ ಒರಗಿದೆ. ನಮ್ಮ ‘ಹುದ್ದೆ’ಯೂ ಹಾಗೇ. ಅದು ಬಂದದ್ದು ಅರಬ್ಬಿಯಲ್ಲಿ ಹೊಣೆ, ಹೊತ್ತ ಕರಾರು ಎಂಬ ಅರ್ಥದ ಪದದಿಂದ. ಹುದ್ದೆ ಅಂದರೆ ಮೊದಲಿಗೆ ಸಂಬಳ, ಕಾರು, ಕೆಂಪು ದೀಪ ಆಗಿರಲಿಲ್ಲ, ಕೊಟ್ಟ ಮಾತು ಆಗಿತ್ತು. ‘ಜವಾಬ್ದಾರಿ’ಯನ್ನು ಬಿಡಿಸಿ ನೋಡಿ: ಜವಾಬು, ದಾರ. ಜವಾಬು ಕೊಡಬೇಕಾದವನು. ‘ಮತದಾರ’ದಲ್ಲೂ ಅದೇ ಪಾರ್ಸಿಯ ‘ದಾರ’, ಸಂಸ್ಕೃತದ ‘ಮತ’ದ ಹೆಗಲ ಮೇಲೆ ಕೈಹಾಕಿ ಕೂತಿದೆ. ಮತದಾರ ಪ್ರಶ್ನೆ ಕೇಳಬೇಕು, ಜವಾಬ್ದಾರ ಉತ್ತರ ಕೊಡಬೇಕು. ಪದಗಳೇ ಪ್ರಜಾಪ್ರಭುತ್ವದ ಪಾಠ ಮಾಡುತ್ತಿವೆ.

ಇದೆಲ್ಲ ಬರುವ ಮುಂಚೆ ಕನ್ನಡ ಏನು ಮಾಡುತ್ತಿತ್ತು ಎಂದು ನೀವು ಕೇಳಬೇಕು. ಚಾಲುಕ್ಯರು, ಹೊಯ್ಸಳರು ಹಾಕಿಸಿದ ಶಾಸನದ ಕಲ್ಲುಗಳನ್ನು ನೋಡಿ. ಯಾವ ರಾಜನ ಕಾಲ ಎಂದು ಹೇಳಬೇಕಾದಾಗ ‘ಇಂಥವರು ರಾಜ್ಯಂ ಗೆಯ್ಯುತ್ತಿರೆ’ ಎಂಬ ಮಾತು ಸಾಲುಸಾಲಾಗಿ ಬರುತ್ತದೆ. ಈಗ ಆಳುತ್ತಿರುವಾಗ ಎಂದರ್ಥ. ಅದು ಆ ಕಾಲದ ಹಾಲಿ! ‘ಗೆಯ್’ ಅಂದರೆ ಏನು? ಮಾಡು, ದುಡಿ. ನಮ್ಮ ರೈತರು ಇವತ್ತಿಗೂ ಗೇಯುವುದು, ಗೇಮೆ ಅನ್ನುತ್ತಾರೆ. ಹೊಲದಲ್ಲಿ ಎತ್ತು ಗೇಯುತ್ತದೆ, ಸಿಂಹಾಸನದಲ್ಲಿ ರಾಜ ರಾಜ್ಯ ಗೇಯುತ್ತಾನೆ. ಎರಡಕ್ಕೂ ಒಂದೇ ಕ್ರಿಯಾಪದ! ಲ್ಯಾಟಿನ್ ಪದದಲ್ಲಿ ಅಧಿಕಾರದವನು ಒರಗಿದ್ದಾನೆ, ‘ಸಿಟ್ಟಿಂಗ್’ನಲ್ಲಿ ಕೂತಿದ್ದಾನೆ, ಹಾಲಿಯಲ್ಲಿ ಬದಲಾಗುವ ಸ್ಥಿತಿಯಲ್ಲಿದ್ದಾನೆ. ಹಳಗನ್ನಡದಲ್ಲಿ ಮಾತ್ರ ಮೈಮುರಿದು ದುಡಿಯುತ್ತಿದ್ದಾನೆ. ಎಂಥ ಭಾಷೆ ನಮ್ಮದು!

ಹಾಗಂತ ನಾಳೆಯಿಂದ ‘ರಾಜ್ಯಂ ಗೆಯ್ಯುತ್ತಿರುವ ಶಾಸಕರು’ ಎಂದು ಕಾರ್ಡು ಮಾಡಿಸಲು ಬರಬೇಡಿ. ಈಗಿನ ಶಾಸಕರು ಎಂದರೂ ಚೆಂದ, ಹಾಲಿ ಶಾಸಕರು ಎಂದರೂ ಚೆಂದ. ಹಾಲಿಯನ್ನು ಓಡಿಸಬೇಡಿ, ಅದು ದುಡಿದು ತಿಂದ ಪದ. ಓಡಿಸಬೇಕಾದದ್ದು ಇಲ್ಲಿ ಎರಡು ಪದ ಇದ್ದೂ ‘ಸಿಟ್ಟಿಂಗ್’ ಎನ್ನುವ ನಮ್ಮ ಸೋಮಾರಿತನವನ್ನು.

ಹಾಲಿ ಮಾಜಿಯಾಗುವ ಗಳಿಗೆ

ಹಾಲಿ ಯಾವಾಗ ಮಾಜಿಯಾಗುತ್ತಾನೆ? ಪ್ರೆಸ್ಸಿನವನಿಗೆ ಇದು ದಿನದ ತಲೆನೋವು. ಸಂವಿಧಾನದ 172ನೇ ವಿಧಿಯ ಪ್ರಕಾರ ವಿಧಾನಸಭೆಯ ಆಯಸ್ಸು ಮೊದಲ ಸಭೆ ಸೇರಿದ ದಿನದಿಂದ ಐದು ವರ್ಷ. ನಡುವೆ ವಿಸರ್ಜನೆಯಾದರೆ ಆವತ್ತೇ ಎಲ್ಲರೂ ಮಾಜಿ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಮೇಲೆ ಹೊಸಬರು ಬರುವ ತನಕ ನೋಡಿಕೊಳ್ಳಿ ಎಂದು ರಾಜ್ಯಪಾಲರು ಹೇಳಿದರೆ ಅವರು ‘ಹಂಗಾಮಿ’. ಪಾರ್ಸಿಯ ಹಂಗಾಮ್ ಅಂದರೆ ಹೊತ್ತು, ಕಾಲ. ರೈತರ ಮುಂಗಾರು ಹಂಗಾಮು, ಹಿಂಗಾರು ಹಂಗಾಮು ಅದೇ. ಸುಗ್ಗಿ ಮುಗಿಯುವ ತನಕ ಎಂದರ್ಥ.

ವಿಸರ್ಜನೆಯಾದ ಮೇಲೂ ಹಾಲಿ ಎಂದೇ ಹಾಕಿ ಎಂದು ಹಟ ಹಿಡಿಯುವ ಗಿರಾಕಿಗಳಿದ್ದಾರೆ. ಮಾಜಿ ಬೇಡ, ‘ನಿಕಟಪೂರ್ವ’ ಅಂತ ಹಾಕಿ ಎನ್ನುವವರಿದ್ದಾರೆ. ‘ಭೂತಪೂರ್ವ’ ಅಂತ ಹಾಕಲೇ ಎಂದರೆ ಯಾರೂ ಒಪ್ಪುವುದಿಲ್ಲ, ಅದರಲ್ಲಿ ಭೂತ ಮೊದಲು ಕಾಣುತ್ತದಲ್ಲ! ಎರಡಕ್ಷರದ ಮಾಜಿಗೆ ಇಷ್ಟು ಹೆದರಿಕೆ ಯಾಕೆ? ಅದು ನಿಜ ಹೇಳುತ್ತದೆ, ಅದಕ್ಕೆ.

ನಮ್ಮಂಥವರ ಮೇಲೂ ಕಾನೂನಿನ ಕಣ್ಣಿದೆ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಂ ಪ್ರಕಾರ ಚುನಾವಣೆಯ ಯಾವ ಕರಪತ್ರ, ಪೋಸ್ಟರಿನ ಮೇಲಾದರೂ ಮುದ್ರಕ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಮಾಡಿಸುವವರು ಇಬ್ಬರು ಸಾಕ್ಷಿಗಳ ಸಮೇತ ಘೋಷಣೆ ಬರೆದುಕೊಡಬೇಕು, ಅಚ್ಚಾದ ಪ್ರತಿಯನ್ನು ನಾವು ಅಧಿಕಾರಿಗಳಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ 2000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಒಂದು ಕರಪತ್ರಕ್ಕೆ ಮುದ್ರಕ ಇಷ್ಟು ಜವಾಬು ಕೊಡಬೇಕು. ಆ ಕರಪತ್ರದಲ್ಲಿ ಐವತ್ತು ಭರವಸೆ ಬರೆಸಿದವರು ಗೆದ್ದು ಹಾಲಿಯಾದ ಮೇಲೆ ಯಾರಿಗೆ ಜವಾಬು ಕೊಡುತ್ತಾರೆ?

ಕನ್ನಡದ ಮತದಾರ ಈ ಲೆಕ್ಕದಲ್ಲಿ ದಡ್ಡನಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಆಳುತ್ತಿದ್ದು ಮತ್ತೆ ಗೆದ್ದು ಬಂತು. ಅದಾದ ಮೇಲೆ 1989, 1994, 1999, 2004, 2008, 2013, 2018, 2023. ಎಂಟು ವಿಧಾನಸಭಾ ಚುನಾವಣೆ. ಒಮ್ಮೆಯೂ ಆಳುವ ಪಕ್ಷ ಬಹುಮತ ಪಡೆದು ಮರಳಿ ಬಂದಿಲ್ಲ. ಹಾಲಿಯ ಬೇರಿನಲ್ಲಿರುವ ಬದಲಾವಣೆಯನ್ನು ನಮ್ಮ ಜನ ನಿಘಂಟು ನೋಡದೆಯೇ ತಿಳಿದುಕೊಂಡಿದ್ದಾರೆ.

ಆದರೆ ಗೆಳೆಯರೇ, ಐದು ವರ್ಷಕ್ಕೊಮ್ಮೆ ಹಾಲಿಯನ್ನು ಮಾಜಿ ಮಾಡಿದರೆ ನಮ್ಮ ಕೆಲಸ ಮುಗಿಯಿತೇ? ನಡುವಿನ ಸಾವಿರದ ಎಂಟುನೂರು ದಿನ ಏನು ಮಾಡುತ್ತೇವೆ? ಹಾಲಿಗೂ ಅಹವಾಲಿಗೂ ಗಂಟು ಬೀಳುವುದು ಆ ದಿನಗಳಲ್ಲಿ.

ಅಹವಾಲು ಕನ್ನಡದಲ್ಲಿರಲಿ

ನಿಮ್ಮ ರಸ್ತೆಯ ಗುಂಡಿ, ಬಾರದ ನೀರು, ನಿಂತ ವಿದ್ಯಾರ್ಥಿವೇತನ, ಬಾಗಿಲು ಹಾಕುತ್ತಿರುವ ಸರ್ಕಾರಿ ಕನ್ನಡ ಶಾಲೆ. ಇವುಗಳ ಬಗ್ಗೆ ಮೊಬೈಲಿನಲ್ಲಿ ಮೂರು ಸಾಲಿನ ಇಂಗ್ಲಿಷ್ ಬೈಗುಳ ಹಾಕಿ ಮಲಗುತ್ತೇವೆ. ಅದು ಅಹವಾಲಲ್ಲ. ಅದಕ್ಕೆ ರಶೀದಿ ಇಲ್ಲ, ನಂಬರಿಲ್ಲ, ಜವಾಬು ಕೊಡಬೇಕಾದ ಬಾಧ್ಯತೆ ಯಾರಿಗೂ ಇಲ್ಲ.

ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆಯಿರಿ. ನಿಮ್ಮ ಕನ್ನಡ ತಪ್ಪಿದ್ದರೂ ಚಿಂತೆಯಿಲ್ಲ, ಒತ್ತಕ್ಷರ ಬಿಟ್ಟುಹೋದರೂ ಗುಂಡಿ ಗುಂಡಿಯೇ. ಕನ್ನಡ ಈ ರಾಜ್ಯದ ಆಡಳಿತ ಭಾಷೆ ಎಂದು 1963ರ ಕಾನೂನೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಕೊಡಬಹುದು ಎನ್ನುತ್ತದೆ. ನಮ್ಮಲ್ಲಿ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ. ಹಾಲಿ ಶಾಸಕರ ಕ್ಷೇತ್ರಾಭಿವೃದ್ಧಿ ನಿಧಿ ನಿಮ್ಮ ವಾರ್ಡಿನಲ್ಲಿ ಯಾವ ಕಾಮಗಾರಿಗೆ, ಎಷ್ಟು ಖರ್ಚಾಯಿತು ಎಂದು ಕನ್ನಡದಲ್ಲಿ ಕೇಳಿ. ಉತ್ತರ ಇಂಗ್ಲಿಷಿನಲ್ಲಿ ಬಂದರೆ ಸುಮ್ಮನಾಗಬೇಡಿ, ಕನ್ನಡದಲ್ಲಿ ಕೊಡಿ ಎಂದು ಇನ್ನೊಂದು ಹಾಳೆ ಬರೆಯಿರಿ. ಸ್ವೀಕೃತಿಯ ಸೀಲು ಹಾಕಿಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳಿ.

ಬೋರ್ಡಿನ ಮೇಲೆ ಕನ್ನಡ ಬೇಕು, ಅದಕ್ಕೆ ಹೋರಾಡೋಣ. ಆದರೆ ಬೋರ್ಡಿನ ಮೇಲಿದ್ದು ಕಡತದಲ್ಲಿ ಇಲ್ಲದ ಕನ್ನಡ ಬರೀ ತೋರಣ. ಹಳ್ಳಿಯ ಹೆಣ್ಣುಮಗಳು ತನ್ನ ಅಹವಾಲನ್ನು ತನ್ನ ಮಾತಿನಲ್ಲೇ ಬರೆದು, ತನ್ನ ಮಾತಿನಲ್ಲೇ ಜವಾಬು ಪಡೆದು ಓದಿಕೊಂಡರೆ ಆಗ ಕನ್ನಡ ಆಡಳಿತ ಭಾಷೆ. ಅದಕ್ಕೆ ಪಟ್ಟಣದಲ್ಲಿ ಓದಿದ ನೀವು ಕೈ ಜೋಡಿಸಬೇಕು. ವಾರಕ್ಕೊಂದು ಗಂಟೆ ಯಾವುದಾದರೂ ಕಚೇರಿಯ ಮುಂದೆ ಕೂತು, ಬರೆಯಲು ಬಾರದವರಿಗೆ ಒಂದು ಅರ್ಜಿ ಬರೆದುಕೊಡಿ. ಇದಕ್ಕಿಂತ ದೊಡ್ಡ ಕನ್ನಡದ ಕೆಲಸ ನನಗಂತೂ ಗೊತ್ತಿಲ್ಲ.

ಮುಂದಿನ ಸಲ ಯಾವುದಾದರೂ ಸಭೆಯಲ್ಲಿ ‘ಹಾಲಿ ಶಾಸಕರು ಆಗಮಿಸುತ್ತಿದ್ದಾರೆ’ ಎಂದು ಮೈಕಿನಲ್ಲಿ ಕೂಗಿದಾಗ ಈ ಪದ ನೆನಪಿಸಿಕೊಳ್ಳಿ. ಚಪ್ಪಾಳೆ ತಟ್ಟಿ, ಬೇಡ ಅನ್ನುವುದಿಲ್ಲ. ಆಮೇಲೆ ಎದ್ದು ನಿಂತು, ಮರ್ಯಾದೆಯಿಂದಲೇ ಕೇಳಿ: “ಸ್ವಾಮಿ, ತಾವು ಹಾಲಿ. ಇಗೋ ನಮ್ಮ ಅಹವಾಲು. ಜವಾಬು ಯಾವಾಗ?”